ಹತ್ತು ಬೋಲ್ಟಿನ ಮುಚ್ಚಳ

ಮೂಡಿಗೆರೆ ಕಡೆಯ ಒಂದು ತೋಟದ ಮನೆ. ಬೆಳಗಿನಿಂದ ಹಿಡಿದ ಮಳೆ ಈಗಷ್ಟೇ ಹೊಳವಾಗಿದೆ. ಶೆಡ್ಡಿನಲ್ಲಿ ಹಳೆಯ ಜೀಪು, ಅದರ ಹಿಂದೆ ಗೋಣಿಚೀಲ ಹಾಸಿಕೊಂಡು ಕುಳಿತ ಇಬ್ಬರು. ಒಬ್ಬರು 40 ವರ್ಷ ಜೀಪು ಬಿಚ್ಚಿ ಕಟ್ಟಿದ ಸೋದರಮಾವ. ಇನ್ನೊಬ್ಬ ಶನಿವಾರ-ಭಾನುವಾರಕ್ಕೆಂದು ಬೆಂಗಳೂರಿನಿಂದ ಬಂದ ಅಳಿಯ. ನಡುವೆ ಕಪ್ಪು ಕಬ್ಬಿಣದ ಒಂದು ಮುಚ್ಚಳ.

— ಇದೇನೋ, ರುಬ್ಬೋ ಕಲ್ಲು ಹೊತ್ಕೊಂಡು ಬಂದಿದ್ದೀಯ?

— ಡಿಫರೆನ್ಷಿಯಲ್ ಕವರ್ ಮಾವ. ಹೆವಿ ಡ್ಯೂಟಿ. ಸ್ನೇಹಿತ ಕ್ಯಾಲಿಫೋರ್ನಿಯದಿಂದ ಬರೋವಾಗ ಸೂಟ್‌ಕೇಸಿನಲ್ಲಿ ತಂದ. ತೂಕ ಜಾಸ್ತಿ ಆಯ್ತು ಅಂತ ವಿಮಾನ ನಿಲ್ದಾಣದಲ್ಲಿ ಅವನ ಎರಡು ಜೊತೆ ಶೂ ತೆಗೆಸಿದ್ರಂತೆ.

— ಪಾಪ. ನಿನ್ನ ಜೀಪಿನ ಮುಚ್ಚಳಕ್ಕೆ ಅವನ ಕಾಲಿನ ಶೂ ಹೋಯ್ತು. ಇರಲಿ, ಯಾಕೆ ಬೇಕಾಯ್ತು ಇದು?

— ಹೋದ ತಿಂಗಳು ಮೇಲಿನ ತೋಟದ ಏರಲ್ಲಿ ಗಾಡಿ ಹಿಂದಕ್ಕೆ ಜಾರಿ ಬಂಡೆಗೆ ಬಡೀತಲ್ಲ, ಆವತ್ತಿಂದ ಹಿಂದಿನ ಆಕ್ಸಲ್‌ನಲ್ಲಿ ಎಣ್ಣೆ ಒಸರ್ತಾ ಇದೆ. ಕಂಪನಿ ಕವರು ತಗಡು ಮಾವ, ತಗಡು.

— ತಗಡು ಅಂತ ಬೈಬೇಡ. ನಿಮ್ಮಪ್ಪ ಅದೇ ತಗಡಿನಲ್ಲಿ ಕಾಫಿ ಮೂಟೆ, ಗೊಬ್ಬರ, ಒಂದ್ಸಲ ಹೆರಿಗೆ ನೋವು ಬಂದ ಹೆಂಗಸನ್ನೂ ಸಾಗಿಸಿದ್ದಾರೆ. ಟಾರ್ಚು ಕೊಡು. ಕೊಂಡಿದ್ದು ಆಯ್ತು, ಗಾಯ ಎಲ್ಲಿದೆ ಅಂತಾದ್ರೂ ನೋಡೋಣ.

— ಕೆಳಗಡೆ, ಬಲಕ್ಕೆ. ನಗ್ಗಿದೆ ನೋಡಿ.

— ಹ್ಞೂಂ. ಅಂಚೂ ಎದ್ದಿದೆ. ನೀನು ಮುಂದಕ್ಕೆ ಹೋಗೋವಾಗ ಬಂಡೆ ಸಿಕ್ಕಿದ್ರೆ ಹಿಂದಿನ ಆಕ್ಸಲ್‌ನಲ್ಲಿ ಏಟು ತಿನ್ನೋದು ಎರಕದ ಹೌಸಿಂಗು, ಪಿನಿಯನ್ ಕಡೆಯ ಮೂತಿ. ಅದಕ್ಕೆ ಏನೂ ಆಗಲ್ಲ. ಕವರು ಇರೋದು ಹಿಂದಕ್ಕೆ ಮುಖ ಮಾಡ್ಕೊಂಡು. ಗಾಡಿ ಜಾರಿದಾಗ, ರಿವರ್ಸ್ ತಗೊಂಡಾಗ, ಬಂಡೆ ಇಳಿದು ಧೊಪ್ಪನೆ ಕೂತಾಗ ಅದಕ್ಕೆ ಬೀಳುತ್ತೆ. ಮುಂದಿನ ಆಕ್ಸಲ್ ಇದಕ್ಕೆ ಉಲ್ಟಾ. ಅಲ್ಲಿ ಕವರೇ ಮುಂದೆ ಇರುತ್ತೆ, ಏರು ಹತ್ತೋವಾಗೆಲ್ಲ ಮೊದಲ ಮುತ್ತು ಅದಕ್ಕೇ. ಎಷ್ಟು ಜನ ಹಿಂದಕ್ಕೆ ಮಾತ್ರ ದುಬಾರಿ ಕವರು ಹಾಕಿ, ಮುಂದಿನದ್ದನ್ನ ಹಾಗೇ ಬಿಟ್ಟಿರ್ತಾರೆ ಗೊತ್ತಾ? ಹಿಂದಿನದು ಪೇಟೇಲಿ ಎಲ್ಲರಿಗೂ ಕಾಣುತ್ತಲ್ಲ!

— ನಾನೂ ಹಿಂದಿಂದೇ ತರಿಸಿದ್ದು...

— ನಿನಗೆ ಏಟು ಬಿದ್ದಿರೋದೂ ಹಿಂದೇನೇ. ಬಚಾವಾದೆ. ಈಗ ಕಿವಿಗೊಟ್ಟು ಕೇಳು. ಗೇರಿಂದ ತೆಗೆದಿದ್ದೀನಿ, ಚಕ್ರಕ್ಕೆ ಕಲ್ಲು ಕೊಟ್ಟಿದ್ದೀನಿ. ಒಂದು ಹಿಂದಿನ ಚಕ್ರ ಜಾಕಿ ಮೇಲಿದೆ, ತಿರುಗಿಸ್ತೀನಿ.

— ಕಿರ್ ಕಿರ್ ಅಂತ ಏನೋ ಉಜ್ಜಿದ ಹಾಗೆ.

— ಕ್ರೌನು, ಪಿನಿಯನ್ ಗೇರು ತಿರುಗಿಸೋ ದೊಡ್ಡ ಹಲ್ಲುಚಕ್ರ. ಒಳಗೆ ಕ್ರೌನಿಗೂ ಈ ತಗಡಿಗೂ ನಡುವೆ ಬಹಳ ಜಾಗ ಇಲ್ಲ. ಕವರು ನಗ್ಗಿದ್ರೆ ಕ್ರೌನಿನ ಬೋಲ್ಟು, ಹಲ್ಲು ಅದನ್ನ ಕೆರೀತಾ ಹೋಗುತ್ತೆ. ಹೀಗೇ ಓಡಿಸಿದ್ರೆ ಒಳಗಿಂದಲೇ ತೂತು ಬಿದ್ದು ಎಣ್ಣೆಯೆಲ್ಲ ರಸ್ತೆ ಪಾಲು. ಎಣ್ಣೆ ಇಲ್ಲದ ಕ್ರೌನ್-ಪಿನಿಯನ್ ಎಷ್ಟು ದೂರ ಬರುತ್ತೆ? ಮನೆ ತಲುಪಲ್ಲ. ಹಾಗಾಗಿ ಕವರು ಬದಲಾಯಿಸೋ ಯೋಚನೆ ಸರಿಯಾಗೇ ಇದೆ. ಆದ್ರೆ ಆಯ್ಕೆ ಮಾಡೋವಾಗ ಏನೇನು ನೋಡಿದೆ, ಹೇಳು.

— ದಪ್ಪ ನೋಡಿದೆ.

— ದಪ್ಪ ಮಾತ್ರ?

— ಇದು ನಾಡ್ಯುಲರ್ ಎರಕದ ಕಬ್ಬಿಣ ಅಂತೆ. ಪ್ಲೇಟು ಕತ್ತರಿಸಿ ವೆಲ್ಡ್ ಮಾಡಿದ್ದೂ ಇತ್ತು. ಅಲ್ಯೂಮಿನಿಯಮ್ಮಿನಲ್ಲಿ ರೆಕ್ಕೆ ರೆಕ್ಕೆ ಇರೋದು ಚೆಂದ ಕಾಣ್ತಿತ್ತು. ಅದರಲ್ಲಿ ಬೇರಿಂಗ್ ಕ್ಯಾಪಿಗೆ ಒತ್ತಿ ನಿಲ್ಲೋ ಎರಡು ಬೋಲ್ಟು ಬೇರೆ.

— ಅದನ್ನ ತರದಿದ್ದದ್ದು ಒಳ್ಳೇದಾಯ್ತು. ಅಲ್ಯೂಮಿನಿಯಮ್ ಶಾಖ ಬೇಗ ಬಿಡುತ್ತೆ, ಹೆದ್ದಾರೀಲಿ ಟ್ರೇಲರ್ ಎಳೆಯೋರಿಗೆ ಸರಿ. ಬಂಡೆ ಮೇಲೆ ಅದು ಬೆಣ್ಣೆ ಥರ ಕೆತ್ಕೊಂಡು ಹೋಗುತ್ತೆ. ಬೇರಿಂಗ್ ಕ್ಯಾಪಿಗೆ ಒತ್ತೋ ಬೋಲ್ಟು ಇರೋದು ಹೆಚ್ಚು ಶಕ್ತಿಯ ಇಂಜಿನ್ನಿನಲ್ಲಿ ಒಂದೇ ಸಲಕ್ಕೆ ಹಾರೋ ರೇಸಿನ ಗಾಡಿಗಳಿಗೆ. ಅದನ್ನ ಬಲವಾಗಿ ಬಿಗಿದ್ರೆ ಕ್ಯಾಪೇ ಸೊಟ್ಟ. ನಿನ್ನ ಜೀಪಿನ ಇಂಜಿನ್ನಿಗೆ ಅದೆಲ್ಲ ಯಾಕೆ, ಇದು ಎತ್ತಿನಗಾಡಿಯ ತಮ್ಮ.

— ಎರಕದ ಕಬ್ಬಿಣ ಅಂದ್ರೆ ಒಡೆಯಲ್ವಾ ಮಾವ? ಹಳೇ ಒಲೆ ಬಿದ್ರೆ ಎರಡು ಹೋಳಾಗೋ ಹಾಗೆ?

— ಅದು ಬೂದು ಎರಕ. ಅದರಲ್ಲಿ ಇಂಗಾಲ ಪದರ ಪದರವಾಗಿ ಕೂತಿರುತ್ತೆ, ಬಿರುಕು ಆ ಪದರದುದ್ದಕ್ಕೂ ಓಡಿಬಿಡುತ್ತೆ. ನಾಡ್ಯುಲರ್‌ನಲ್ಲಿ ಅದೇ ಇಂಗಾಲ ರಾಗಿಕಾಳಿನ ಹಾಗೆ ಉಂಡೆ ಉಂಡೆ. ಬಿರುಕಿಗೆ ದಾರಿ ಸಿಗಲ್ಲ, ಏಟು ಬಿದ್ರೆ ಸ್ವಲ್ಪ ಬಾಗುತ್ತೆ, ಪಟ್ ಅಂತ ಒಡೆಯಲ್ಲ. ಪ್ಲೇಟಿನ ಕವರೂ ಗಟ್ಟೀನೇ. ತೊಂದರೆ ಅಂದ್ರೆ ವೆಲ್ಡಿಂಗ್ ಬಿಸಿಗೆ ಅದರ ಫ್ಲ್ಯಾಂಜು ತಿರುಚಿಕೊಳ್ಳುತ್ತೆ. ವೆಲ್ಡ್ ಆದಮೇಲೆ ಮತ್ತೆ ಮಟ್ಟ ಹೊಡೆದವರು ಕೆಲವರು, ಹೊಡೆಯದವರು ಬಹಳ ಜನ. ಅದಿರಲಿ, ನಾನು ನೋಡೋದು ಮೊದಲು ಅಂಚು. ಇಲ್ಲಿ ಬಾ, ಬೆರಳಾಡಿಸು.

— ಅಂಚು ಇಳಿಜಾರಾಗಿದೆ.

— ಕಂಪನಿ ಕವರಿನ ಕಥೆ ಮುಗಿಯೋದೇ ಅಂಚಿನಲ್ಲಿ. ನಡುವಿನ ಉಬ್ಬಿಗೆ ಏಟು ಬಿದ್ರೆ ನಗ್ಗುತ್ತೆ, ಅಷ್ಟೆ. ಕೆಳಗಿನ ತುಟಿಗೆ ಬಂಡೆ ಸಿಕ್ಕಿಕೊಂಡ್ರೆ ಡಬ್ಬದ ಮುಚ್ಚಳ ಮೀಟಿದ ಹಾಗೆ ಸುಲಿದು ಬಿಡುತ್ತೆ. ಪ್ಯಾಕಿಂಗು ಆಚೆ, ಎಣ್ಣೆ ಆಚೆ. ಕೆಳಗಿನ ಮೂರು ಬೋಲ್ಟಿನ ತಲೆ ಸವೆದು ಸ್ಪ್ಯಾನರಿಗೆ ಸಿಗದ ಹಾಗೆ ಆಗುತ್ತೆ, ಅವನ್ನ ತೆಗೆಯೋದೇ ಒಂದು ದಿನದ ಕೆಲಸ. ಅದಕ್ಕೇ ಒಳ್ಳೆ ಕವರಿನಲ್ಲಿ ಬೋಲ್ಟಿನ ತಲೆ ಗುಂಡಿಯೊಳಗೆ ಅಡಗಿರಬೇಕು, ಇಲ್ಲಾ ಸುತ್ತ ಒಂದು ಏರು ಇರಬೇಕು. ಕೆಳ ಅಂಚು ಬಂಡೆ ಮೇಲೆ ಜಾರೋ ಹಾಗೆ ಚೀವಿರಬೇಕು. ಇದರಲ್ಲಿ ಎರಡೂ ಇದೆ. ನಿನ್ನ ಸ್ನೇಹಿತ ಶೂ ಕಳೆದುಕೊಂಡಿದ್ದಕ್ಕೆ ಸಾರ್ಥಕ.

— ಆದ್ರೆ ಮಾವ, ದಪ್ಪ ಕವರು ಹಾಕಿದ್ರೆ ನೆಲದಿಂದ ಎತ್ತರ ಕಮ್ಮಿ ಆಗಲ್ವಾ? ನಾನು ಹೇಗೂ ಸ್ಪ್ರಿಂಗ್ ಪಟ್ಟಿ ಬದಲಾಯಿಸಿ ಗಾಡೀನ 3 ಇಂಚು ಎತ್ತರಿಸೋಣ ಅಂತಿದ್ದೆ.

— ಎತ್ತರಿಸು. ಗುಂಡಿ ಏರ್ತದಾ?

— ಅಂದ್ರೆ?

— ಈ ಉಬ್ಬು, ಡಿಫರೆನ್ಷಿಯಲ್ ಗುಂಡಿ. ಅದು ಕೂತಿರೋದು ಚಕ್ರದ ಮೇಲೆ, ಪಟ್ಟಿ ಕೂತಿರೋದು ಅದರ ಮೇಲೆ. ನೀನು ಪಟ್ಟಿಯನ್ನ 3 ಇಂಚಲ್ಲ, 3 ಅಡಿ ಏರಿಸಿದ್ರೂ ಏರೋದು ಬಾಡಿ, ನಿನ್ನ ತಲೆ. ಗುಂಡಿ ಅಲ್ಲೇ ಇರುತ್ತೆ. ಅದನ್ನ ಏರಿಸೋಕೆ ಟೈರು ದೊಡ್ಡದಾಗಬೇಕು. ಟೈರಿನ ವ್ಯಾಸ 2 ಇಂಚು ಹೆಚ್ಚಿದ್ರೆ ಗುಂಡಿ 1 ಇಂಚು ಮೇಲೆ. ಅದಕ್ಕೇ ಕವರಿನ ತಳ ಹೌಸಿಂಗಿನ ತಳಕ್ಕಿಂತ ಕೆಳಗೆ ಜೋತಾಡಬಾರದು. ಕೆಲವರು ರಕ್ಷಣೆ ಅಂತ ದಪ್ಪ ಪಟ್ಟಿ ಕೆಳಗೆ ಇಳಿಬಿಡ್ತಾರೆ, ನೇಗಿಲಿನ ಹಾಗೆ. ಆಮೇಲೆ ಉಳುಮೆ ಮಾಡ್ಕೊಂಡು ಹೋಗಬೇಕು.

— ಅಮೆರಿಕದಲ್ಲಿ ಈ ಆಕ್ಸಲ್‌ಗೆ ಡೇನಾ 44 ಅಂತಾರೆ. ಕ್ರೌನು 8.5 ಇಂಚು. ಅಲ್ಲಿ ಜೀಪಿನವರು ಇನ್ನೂ ಇದರ ಮೇಲೆ ಪ್ರಾಣ ಬಿಡ್ತಾರೆ.

— ಮಹೀಂದ್ರದವರು ವಿಲ್ಲಿಸ್ ಜೀಪು ತರಿಸಿ ಜೋಡಿಸೋಕೆ ಶುರುಮಾಡಿದ್ದು 1940ರ ದಶಕದ ಕೊನೇಲಿ. ಅದರ ಜೊತೆ ಬಂದ ವಂಶ ಇದು. ನಮ್ಮ ಮಲೆನಾಡಿನ ಅರ್ಧ ತೋಟ ಇದೇ ಹತ್ತು ಬೋಲ್ಟಿನ ಗುಂಡಿ ಮೇಲೆ ಓಡಾಡಿದೆ. ಆದ್ರೂ ವಂಶ ಒಂದೇ ಅಂತ ಹೆಣ್ಣು ಕೊಟ್ಟುಬಿಡ್ತೀವಾ? ಜಾತಕ ನೋಡಬೇಕು. ಆ ಹೊಸ ಪ್ಯಾಕಿಂಗ್ ತಗೋ, ನಿನ್ನ ಆಕ್ಸಲಿನ ಅಳತೇದು. ಕವರಿನ ಮೇಲೆ ಇಟ್ಟು ತೂತು ತೂತು ಕೂಡಿಸು.

— ಹತ್ತೂ ಕೂಡ್ತು.

— ಒಳಗಿನ ಸುತ್ತು? ಪ್ಯಾಕಿಂಗ್ ಒಳಕ್ಕೆ ಇಣುಕ್ತಾ ಇಲ್ಲ ತಾನೆ?

— ಇಲ್ಲ.

— ಇನ್ನು ಒಳಮೈ. ಇದರ ಬೆನ್ನು ದುಂಡಗಿದೆ, ಒಳ್ಳೇದು. ಚಪ್ಪಟೆ ಬೆನ್ನಿಂದು ತಂದಿದ್ರೆ ನಾನು ಮುಖ ಸಿಂಡರಿಸ್ತಿದ್ದೆ.

— ಅದರದ್ದೊಂದು ವಿಡಿಯೊ ನೋಡಿದ್ದೆ. ಕ್ಯಾಲಿಫೋರ್ನಿಯದಲ್ಲಿ ಗೇಲ್ ಬ್ಯಾಂಕ್ಸ್ ಅಂತ ಹಳೇ ಇಂಜಿನ್ ತಜ್ಞರು, ದೊಡ್ಡ ಪಿಕಪ್ಪುಗಳ ಆಕ್ಸಲ್ ಇಟ್ಟುಕೊಂಡು ಪರೀಕ್ಷೆ ಮಾಡಿ ತೋರಿಸ್ತಾರೆ. ಚಪ್ಪಟೆ ಬೆನ್ನಿನ ಕವರಿನಲ್ಲಿ ಎಣ್ಣೆ ಗೋಡೆಗೆ ಬಡಿದು ಕಲಕಿ ನೊರೆ ಏಳುತ್ತೆ ಅಂತ.

— ಅವರೂ ಕವರು ಮಾರ್ತಾರಾ?

— ಮಾರ್ತಾರೆ.

— ಹಾಗಾದ್ರೆ ಒಂದು ಚಿಟಿಕೆ ಉಪ್ಪು ಹಾಕ್ಕೊಂಡೇ ತಿನ್ನು. ಆದ್ರೆ ಮಾತು ಸುಳ್ಳಲ್ಲ, ನೀನೇ ಯೋಚಿಸು. ಜೀಪು ಮುಂದೆ ಹೋಗ್ತಿದೆ. ಕ್ರೌನು ತಿರುಗೋದು ಚಕ್ರದ ಜೊತೆಗೇ. ಅದರ ಕೆಳಭಾಗ ಎಣ್ಣೇಲಿ ಮುಳುಗಿ ಹಿಂದಕ್ಕೆ ಬರುತ್ತೆ, ಕವರಿನ ಗೋಡೆ ಸವರಿಕೊಂಡು ಮೇಲಕ್ಕೆ ಏರುತ್ತೆ, ತಲೆ ಮೇಲಿಂದ ಎಣ್ಣೇನ ಮುಂದಕ್ಕೆ ಪಿನಿಯನ್ ಬೇರಿಂಗಿನ ಕಡೆ ಎರಚುತ್ತೆ. ಪಿನಿಯನ್ ಬೇರಿಂಗಿಗೆ ಬೇರೆ ಪಂಪು ಗಿಂಪು ಏನೂ ಇಲ್ಲ, ಈ ಎರಚಾಟವೇ ಗತಿ. ಕವರಿನ ಒಳಮೈ ಕ್ರೌನಿನ ಸುತ್ತು ಹಿಡಿದು ಬಾಗಿದ್ರೆ ಎಣ್ಣೆ ಸರಾಗ ಜಾರಿ ಮೇಲೆ ಹೋಗುತ್ತೆ. ಮೂಲೆ ಮೂಲೆ ಇದ್ರೆ ಅಲ್ಲೇ ಸುತ್ತಿಕೊಂಡು ಕೂರುತ್ತೆ. ತೋಟದಲ್ಲಿ ನಡಿಗೆ ವೇಗದಲ್ಲಿ ಹೋಗೋವಾಗ ಅದರಿಂದ ಪ್ರಳಯ ಏನಾಗಲ್ಲ, ಚಾರ್ಮಾಡಿ ಇಳಿದು ಮಂಗಳೂರಿಗೆ ದೌಡಾಯಿಸಿದ್ರೆ ಗೊತ್ತಾಗುತ್ತೆ.

— ಒಂದು ಅನುಮಾನ. ತುಂಬೋ ಪ್ಲಗ್ಗು ಹಳೇ ಕವರಿಗಿಂತ ಇದರಲ್ಲಿ ಮೇಲಿದೆ. ಜಾಸ್ತಿ ಎಣ್ಣೆ ಹಿಡಿಯುತ್ತೆ, ಲಾಭ ಅಲ್ವಾ?

— ಈಗ ಬಂದೆ ನೋಡು ಹಳ್ಳಕ್ಕೆ. ಆ ತೂತಿನವರೆಗೆ ತುಂಬಿದ್ರೆ ಕ್ರೌನು ಕಡೆಗೋಲಾಗುತ್ತೆ. ಎಣ್ಣೆ ಕಡೆದು ನೊರೆ, ನೊರೆಯಿಂದ ಶಾಖ. ಉಕ್ಕಿದ ಎಣ್ಣೆ ಆಕ್ಸಲ್ ಟ್ಯೂಬಿನಲ್ಲಿ ಹರಿದು, ಸೀಲು ದಾಟಿ ಬ್ರೇಕ್ ಡ್ರಮ್ಮಿಗೆ. ಘಾಟಿಯಲ್ಲಿ ಬ್ರೇಕ್ ಲೈನಿಂಗು ಎಣ್ಣೆ ಕುಡಿದಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾ? ಹಳೇ ಕವರಿನ ಪ್ಲಗ್ಗು ಫ್ಲ್ಯಾಂಜಿನ ತಳದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆದು, ಹೊಸದರ ಹೊರಗೆ ಪೇಂಟಲ್ಲಿ ಗೆರೆ ಎಳಿ. ನಿನ್ನ ಎಣ್ಣೆ ಅಲ್ಲಿಯವರೆಗೆ. ಬೆರಳು ಬಗ್ಗಿಸಿ ಇಲ್ಲಾ ತಂತಿ ಬಗ್ಗಿಸಿ ಅದ್ದಿ ನೋಡು. ಹೊಸ ಬೀಗರು ಜಾಸ್ತಿ ಬಡಿಸಿದ್ರು ಅಂತ ಹೊಟ್ಟೆ ದೊಡ್ಡದಾಗಲ್ಲ.

ಒಳಗಿಂದ ಅತ್ತೆ ಕಡುಬು ಆರ್ತಾ ಇದೆ ಎಂದು ಎರಡನೇ ಸಲ ಕೂಗುತ್ತಾರೆ. ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದಾರೆ.

— ಬ್ರೀದರ್ ಎಲ್ಲಿದೆ?

— ಏನದು?

— ಎಣ್ಣೆ ಒಸರುತ್ತೆ ಅಂತ ದೇಶ ಬಿಟ್ಟು ದೇಶದಿಂದ ಕವರು ತರಿಸಿದವನಿಗೆ ಬ್ರೀದರ್ ಗೊತ್ತಿಲ್ಲ! ಆಕ್ಸಲ್ ಟ್ಯೂಬಿನ ನೆತ್ತಿ ಮೇಲೆ ಒಂದು ಪುಟ್ಟ ಟೋಪಿ ಇದೆ, ಕೈ ಹಾಕು. ಸಿಕ್ತಾ? ಉಗುರಿನಿಂದ ಕೆರಿ.

— ಮಣ್ಣು ಗಟ್ಟಿಯಾಗಿ ಕೂತಿದೆ ಮಾವ. ಯಾವುದೋ ಕಣಜ ಗೂಡು ಕಟ್ಟಿದೆ.

— ಅಗೋ ನೋಡು ನಿನ್ನ ಕಳ್ಳನ ಇನ್ನೊಬ್ಬ ಜೊತೆಗಾರ. ಗಾಡಿ ಓಡಿದ್ರೆ ಎಣ್ಣೆ ಬಿಸಿಯಾಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ಅದಕ್ಕೆ ಹೊರಗೆ ಹೋಗೋಕೆ ಈ ತೂತು. ಇದು ಮುಚ್ಚಿದ್ರೆ ಒಳಗೆ ಒತ್ತಡ ಏರಿ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಎಣ್ಣೇನ ಹೊರಕ್ಕೆ ನೂಕುತ್ತೆ, ಪಿನಿಯನ್ ಸೀಲೋ, ಆಕ್ಸಲ್ ಸೀಲೋ, ನಿನ್ನ ಕವರಿನ ಅಂಚೋ. ಇನ್ನೊಂದು, ಇದಕ್ಕಿಂತ ಕೆಟ್ಟದ್ದು. ಬಿಸಿ ಆಕ್ಸಲ್‌ನ ನೀನು ಹೇಮಾವತಿ ಹೊಳೆಗೆ ಇಳಿಸ್ತೀಯ. ತಕ್ಷಣ ತಣ್ಣಗಾಗುತ್ತೆ, ಗಾಳಿ ಕುಗ್ಗುತ್ತೆ, ಒಳಗಿಂದ ಎಳೆತ ಶುರು. ಬ್ರೀದರ್ ಮುಚ್ಚಿದ್ರೆ ಸೀಲಿನ ಸಂದಿಯಿಂದ ನೀರು ಹೀರುತ್ತೆ. ತೆರೆದಿದ್ದು ನೀರಿನ ಕೆಳಗಿದ್ರೆ ಸೀದಾ ಅಲ್ಲಿಂದಲೇ ಕುಡಿಯುತ್ತೆ. ಅದಕ್ಕೇ ಎಣ್ಣೆ ತಡೆಯೋ ಒಂದು ರಬ್ಬರ್ ಪೈಪು ಸಿಗಿಸಿ ಹಿಂದಿನ ಲೈಟಿನ ಎತ್ತರಕ್ಕೆ ಒಯ್ದು ಬಾಯಿ ಕೆಳಮುಖ ಮಾಡಿ ಕಟ್ಟಿಬಿಡು. ನೂರಿನ್ನೂರು ರೂಪಾಯಿಯ ಕೆಲಸ. ಈ ಕವರಿಗೆ ಎಷ್ಟು ಕೊಟ್ಟೆ?

— ಬೇಡ ಬಿಡಿ ಮಾವ.

— ಸರಿ, ಬಿಟ್ಟೆ. ಬಾಂಡ್ಲಿ ಇಡು ಕೆಳಗೆ. ಎಲ್ಲ ಬೋಲ್ಟೂ ತೆಗೀಬೇಡ. ಮೇಲಿನ ಎರಡನ್ನ ಸಡಿಲ ಮಾಡಿ ಹಾಗೇ ಬಿಡು, ಉಳಿದ ಎಂಟು ಪೂರ್ತಿ ತೆಗಿ. ಈಗ ಕೆಳಗಿಂದ ಮೆಲ್ಲಗೆ ಮೀಟು. ಇಲ್ಲಾಂದ್ರೆ ಕವರು ಧಡ್ ಅಂತ ಬಿದ್ದು ಎಣ್ಣೆಯೆಲ್ಲ ನಿನ್ನ ಮಡಿಲಿಗೆ.

— ಅಬ್ಬ, ಕೊಳೆತ ಮೊಟ್ಟೆ ವಾಸನೆ.

— ಗೇರ್ ಆಯಿಲ್ಲಿನ ಗುಣವೇ ಅದು, ಗಂಧಕದ ಮದ್ದು ಇರುತ್ತೆ ಅದರಲ್ಲಿ. ವಾಸನೆ ಬಿಡು, ಬಣ್ಣ ನೋಡು. ಹಾಲು ಜಾಸ್ತಿಯಾದ ಕಾಫಿ ಥರ ಇದೆಯಾ?

— ಸ್ವಲ್ಪ.

— ನೀರು ಕುಡಿದಿದೆ. ಇದನ್ನ ಮತ್ತೆ ಹಾಕೋ ಹಾಗಿಲ್ಲ. ಒಂದು ಆಯಸ್ಕಾಂತ ಅದ್ದಿ ತೆಗಿ. ಬೂದು ಬಣ್ಣದ ನುಣುಪು ಕೆಸರು ಹತ್ತಿದ್ರೆ ಅದು ಸಹಜ ಸವೆತ. ಹೊಳೆಯೋ ಚೂರು, ಹಲ್ಲಿನ ತುಂಡು ಸಿಕ್ಕಿದ್ರೆ ಬೇರೆ ಕಥೆ, ಆಗ ಕವರಿನ ಮಾತು ಅಲ್ಲಿಗೆ ನಿಲ್ಲಿಸಿ ಕ್ರೌನು ಬಿಚ್ಚಬೇಕು.

— ಕೆಸರೇ.

— ಬಚಾವ್. ಈಗ ಸ್ಪ್ಯಾನರ್ ಎತ್ತಿಡು. ಇವತ್ತಿನ ಅರ್ಧ ಕೆಲಸ ಒರೆಸೋದು. ನಿಮ್ಮತ್ತೆ ಮಿಡಿ ಉಪ್ಪಿನಕಾಯಿ ಭರಣಿ ಮುಚ್ಚೋದು ನೋಡಿದ್ದೀಯಲ್ಲ? ಮೊದಲು ಬಾಯಿ ಒರೆಸ್ತಾಳೆ, ಬಿಸಿಲಿಗಿಟ್ಟ ಬಟ್ಟೇಲಿ. ಒಂದು ಹನಿ ಪಸೆ ಇದ್ರೂ ಬೂಸ್ಟು. ಇಲ್ಲೂ ಅದೇ. ಹಳೇ ಪ್ಯಾಕಿಂಗನ್ನ ಉಳಿಯಿಂದ ಕೆರೀಬೇಡ, ಫ್ಲ್ಯಾಂಜಿನಲ್ಲಿ ಗೀರು ಬಿದ್ರೆ ಎಣ್ಣೆಗೆ ಕಾಲುವೆ ತೋಡಿಕೊಟ್ಟ ಹಾಗೆ. ಮರದ ಚಕ್ಕೆ, ಇಲ್ಲಾ ಹಿತ್ತಾಳೆ ಪಟ್ಟಿ. ಕೆರೆದ ಚೂರು ಒಳಗೆ ಬೀಳದ ಹಾಗೆ ಬಟ್ಟೆ ತುರುಕು.

— ಸೀಮೆಎಣ್ಣೇಲಿ ತೊಳೀಲಾ?

— ಮೊದಲ ತೊಳೆತಕ್ಕೆ ಆಗುತ್ತೆ. ಕೊನೆಗಲ್ಲ. ಸೀಮೆಎಣ್ಣೆ ಆರಿದ ಮೇಲೂ ಜಿಡ್ಡು ಬಿಡುತ್ತೆ. ಕೊನೇ ಕೈ ಬ್ರೇಕ್ ಕ್ಲೀನರು, ಇಲ್ಲಾ ಥಿನ್ನರು, ಬಿಳಿ ಬಟ್ಟೆ ಬಿಳಿಯಾಗೇ ಬರೋವರೆಗೆ.

— ಒರೆಸಿದೆ. ಮತ್ತೆ ಮೇಲಿಂದ ಒಂದು ಹನಿ ಇಳೀತು.

— ಇಳಿದೇ ಇಳಿಯುತ್ತೆ. ಕ್ರೌನಿಗೆ ಅಂಟಿದ ಎಣ್ಣೆ ರಾತ್ರಿಯೆಲ್ಲ ತೊಟ್ಟಿಕ್ತಾ ಇರುತ್ತೆ, ತಳದ ಅಂಚಿಗೆ ಬಂದು ನಿಲ್ಲುತ್ತೆ. ಹಾಕಿದ ಸೀಲೆಲ್ಲ ಸೋರೋದು ಯಾವಾಗಲೂ ಕೆಳಗಡೆಯೇ ಯಾಕೆ ಅಂದ್ರೆ ಇದೇ ಕಾರಣ. ಸೀಲಂಟನ್ನ ಎಣ್ಣೆ ಪಸೆಯ ಮೇಲೆ ಹಚ್ಚಿರ್ತಾರೆ. ಎರಡು ಉಪಾಯ ಇದೆ. ಒಂದು, ಇವತ್ತು ಹೀಗೇ ಬಿಟ್ಟು ನಾಳೆ ಮುಚ್ಚೋದು. ಇನ್ನೊಂದು, ಗಾಡಿಯ ಹಿಂಭಾಗ ಇನ್ನೂ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸೋದು, ಉಳಿದ ಎಣ್ಣೆ ಪಿನಿಯನ್ ಕಡೆ ಸರಿಯುತ್ತೆ. ನೀನು ಎರಡನೇದು ಮಾಡು. ಕಡುಬು ತಿಂದು ಬರೋಣ.

ತಿಂದು ಬರುವ ಹೊತ್ತಿಗೆ ಮತ್ತೆ ಮಳೆ. ಹೆಂಚಿನ ಮೇಲೆ ಅದರ ಸದ್ದಿಗೆ ಇಬ್ಬರೂ ದನಿ ಏರಿಸಬೇಕಾಯಿತು.

— ಹೊಸ ಕವರಿನ ಮುಖ ನೋಡಿದೆಯಾ? ಕಪ್ಪು ಪೌಡರ್ ಕೋಟಿಂಗು ಸೀಲು ಕೂರೋ ಜಾಗಕ್ಕೂ ಹತ್ತಿದೆ.

— ಚೆನ್ನಾಗಿದೆಯಲ್ಲ, ತುಕ್ಕು ಹಿಡಿಯಲ್ಲ.

— ಪೇಂಟಿನ ಮೇಲೆ ಸೀಲಂಟ್ ಹಚ್ಚಿದ್ರೆ ಸೀಲಂಟ್ ಹಿಡಿಯೋದು ಪೇಂಟನ್ನ, ಕಬ್ಬಿಣವನ್ನಲ್ಲ. ನಾಳೆ ಪೇಂಟು ಎದ್ರೆ ಜೊತೆಗೆ ಇದೂ ಏಳುತ್ತೆ. ಆ ಹಳೇ ಕಿಟಕಿ ಗಾಜು ತಾ. ಮೇಲೆ ಎಮರಿ ಪೇಪರ್ ಹಾಸು. ಕವರನ್ನ ಬೋರಲು ಹಾಕಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜು. ಪೇಂಟೂ ಹೋಗುತ್ತೆ, ಮಟ್ಟ ಎಲ್ಲಿ ತಪ್ಪಿದೆ ಅಂತಾನೂ ಗೊತ್ತಾಗುತ್ತೆ. ಉಜ್ಜದೆ ಉಳಿದ ಜಾಗ ತಗ್ಗು.

— ಒಂದು ಮೂಲೇಲಿ ಸ್ವಲ್ಪ ಕಪ್ಪು ಉಳೀತು.

— ಕೂದಲೆಳೆಯಷ್ಟು. ಅದನ್ನ ಸೀಲಂಟ್ ತುಂಬಿಕೊಳ್ಳುತ್ತೆ. ಪೇಪರ್ ಪ್ಯಾಕಿಂಗ್ ಆಗಿದ್ರೆ ತುಂಬ್ತಾ ಇರಲಿಲ್ಲ.

— ಹಾಗಾದ್ರೆ ಈ ಪ್ಯಾಕಿಂಗ್ ಯಾಕೆ? ಎರಡೂ ಹಾಕಿದ್ರೆ ಇನ್ನೂ ಭದ್ರ ಅಲ್ವಾ?

— ಎಲ್ಲರೂ ಮಾಡೋ ತಪ್ಪು ಇದು. ಕಾಗದದ ಪ್ಯಾಕಿಂಗ್ ನಿಲ್ಲೋದು ಒಣಗಿದ ಹಿಡಿತದ ಮೇಲೆ. ಅದಕ್ಕೆ ಎರಡೂ ಕಡೆ ಸಿಲಿಕಾನ್ ಬಳಿದ್ರೆ ಬಿಗಿಯೋವಾಗ ಬಾಳೆಹಣ್ಣಿನ ಸಿಪ್ಪೆ ತುಳಿದ ಹಾಗೆ ಜಾರಿ ಪಕ್ಕಕ್ಕೆ ಹಿಸುಕಿಕೊಂಡು ಬರುತ್ತೆ. ಒಂದೋ ಅದು, ಒಂದೋ ಇದು. ಕವರನ್ನ ಪದೇ ಪದೇ ಬಿಚ್ಚೋರಿಗೆ, ಹೊಳೆ ದಾಟಿದಾಗೆಲ್ಲ ಎಣ್ಣೆ ಬದಲಾಯಿಸೋರಿಗೆ ಪ್ಯಾಕಿಂಗ್ ಅನುಕೂಲ, ಕೆರೆಯೋ ಗೋಳಿಲ್ಲ.

— ಅಮೆರಿಕದಲ್ಲಿ ಲ್ಯೂಬ್ ಲಾಕರ್ ಅಂತ ಸಿಗುತ್ತೆ. ನಡುವೆ ಲೋಹದ ತಗಡು, ಮೇಲೆ ರಬ್ಬರಿನ ಗೆರೆ. ತೆಗೆದು ಮತ್ತೆ ಹಾಕಬಹುದು.

— ಅದನ್ನ ತರಿಸೋದು ಬಿಟ್ಟು... ಹೋಗಲಿ. ಅವನಿಗೆ ಇನ್ನೊಂದು ಜೊತೆ ಶೂ ಹೋಗ್ತಿತ್ತು. ಈಗ ಅನಾಬಾಂಡ್ ಸೀಲಂಟ್ ಕೊಡು. ಹಚ್ಚೋ ಮೊದಲು ಟ್ಯೂಬಿನ ಮೇಲೆ ಓದು, ಗೇರ್ ಆಯಿಲ್ ತಡೆಯುತ್ತೆ ಅಂತ ಬರೆದಿದೆಯಾ? ಬಣ್ಣ ನೋಡಿ ತರಬಾರದು. ವಿನೆಗರ್ ವಾಸನೆ ಹೊಡೆಯೋದು ಮನೆ ಕಿಟಕಿ, ಮೀನಿನ ತೊಟ್ಟಿಗೆ ಸರಿ. ಅದು ಒಣಗೋವಾಗ ಹುಳಿ ಬಿಡುತ್ತೆ, ಕಬ್ಬಿಣಕ್ಕೆ ಒಳ್ಳೇದಲ್ಲ.

— ಬರೆದಿದೆ.

— ಹಚ್ಚೋ ಮೊದಲು ಬೋಲ್ಟು. ಹೊಸ ಕವರಿನ ಫ್ಲ್ಯಾಂಜು ದಪ್ಪ, ಹಳೇ ಬೋಲ್ಟು ಗಿಡ್ಡ. ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಹೌಸಿಂಗಿನೊಳಗೆ ಹಿಡಿಯಬೇಕು, ಒಂದೂವರೆಯಷ್ಟಾದರೆ ನೆಮ್ಮದಿ. ಅತಿ ಉದ್ದವೂ ಆಗಬಾರದು. ತೂತಿನ ಬುಡಕ್ಕೆ ತಾಗಿದ್ರೆ ಸ್ಪ್ಯಾನರಿಗೆ ಬಿಗಿ ಅನಿಸುತ್ತೆ, ಕವರು ಮಾತ್ರ ಸಡಿಲವಾಗೇ ಇರುತ್ತೆ. ಪೊರಕೆ ಕಡ್ಡಿ ಇಳಿಸಿ ತೂತಿನ ಆಳ ಅಳಿ.

— ಕವರಿನ ಜೊತೆ ಬಂದ ಬೋಲ್ಟು ಇದೆ ಮಾವ. ಸರಿಯಾಗಿದೆ, ಬುಡ ತಾಗಲ್ಲ.

— ಮೊದಲು ಸೀಲಂಟ್ ಇಲ್ಲದೆ ಒಮ್ಮೆ ಕವರು ಕೂರಿಸಿ, ನಾಲ್ಕು ಬೋಲ್ಟು ಕೈಯಲ್ಲಿ ಹಾಕಿ ಚಕ್ರ ತಿರುಗಿಸು. ಉಜ್ಜೋ ಸದ್ದು ಇಲ್ಲ ತಾನೆ? ಸರಿ, ತೆಗಿ. ಈಗ ಹಚ್ಚು, ಕವರಿನ ಮೇಲೆ. ಅಕ್ಕಿ ಶ್ಯಾವಿಗೆಗಿಂತ ಚೂರು ದಪ್ಪ ಎಳೆ, ಎಲ್ಲೂ ಕಡಿಯಬಾರದು. ಬೋಲ್ಟಿನ ತೂತಿನ ಒಳಬದಿಯಿಂದ ಹೋಗಿ ಪ್ರತಿ ತೂತನ್ನೂ ಸುತ್ತು ಹಾಕು. ಕೊನೆ ಮೊದಲನ್ನ ಮುಟ್ಟಲಿ, ರಂಗೋಲಿ ಎಳೆ ಕೂಡಿಸಿದ ಹಾಗೆ. ಸಾಕು! ದಪ್ಪ ಹಾಕಿದ್ರೆ ಹೊರಗೆ ಎಷ್ಟು ಬರುತ್ತೋ ಒಳಗೂ ಅಷ್ಟೇ ಬರುತ್ತೆ. ಒಣಗಿದ ಮೇಲೆ ಆ ಬಾಲ ಕಿತ್ತು ಎಣ್ಣೇಲಿ ತೇಲಾಡುತ್ತೆ.

— ಸ್ವಲ್ಪ ಹೊತ್ತು ಆರಲಿ ಅಲ್ವಾ?

— ಆರೋಕೆ ಬಿಟ್ಟು ಚಹಾ ಕುಡಿಯೋ ಹಾಗಿಲ್ಲ. ಇದು ಒಣಗೋದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ಬಳ್ಳಾರಿ ಬೇಸಿಗೇಲಿ ಸಿಗೋ ಬಿಡುವು ನಮ್ಮ ಆಷಾಢದಲ್ಲಿ ಸಿಗಲ್ಲ, ನೋಡ್ತಾ ಇದ್ದ ಹಾಗೆ ಮೇಲೆ ಚರ್ಮ ಕಟ್ಟುತ್ತೆ. ಚರ್ಮ ಕಟ್ಟಿದ ಮೇಲೆ ಒತ್ತಿದ್ರೆ ಎರಡು ಮುಖಕ್ಕೂ ಅಂಟಲ್ಲ. ಐದು ನಿಮಿಷದೊಳಗೆ ಕೂರಿಸು. ಎತ್ತು. ಜಾರಿಸಬೇಡ, ಸೀದಾ. ಮೇಲೊಂದು ಕೆಳಗೊಂದು ಬೋಲ್ಟು ಕೈಯಲ್ಲೇ ತಿರುಗಿಸು.

— ಎರಡು ತಲೆ ಇಲ್ಲದ ಬೋಲ್ಟು ನಿಲ್ಲಿಸಿಕೊಂಡಿದ್ರೆ ಕವರು ತಾನೇ ದಾರಿ ಹಿಡಿದು ಕೂರ್ತಿತ್ತು ಅಲ್ವಾ?

— ನಾನು ಹೇಳಬೇಕಾಗಿದ್ದನ್ನ ನೀನು ಹೇಳಿದೆ. ಮರೆತಿದ್ದೆ, ಒಪ್ಕೊಂಡೆ. ಈಗ ಬಿಗಿಯೋದು. ಪಕ್ಕಪಕ್ಕದ್ದನ್ನಲ್ಲ, ಎದುರುಬದುರು. ಸೀಲಂಟ್ ಅಂಚಿನಲ್ಲಿ ಒಂದೇ ಸಮ ಇಣುಕೋವರೆಗೆ ಬಿಗಿದು ನಿಲ್ಲಿಸು.

— ಈಗಲೇ ಪೂರ್ತಿ ಬಿಗೀಬಾರದಾ? ರಾಂಗ್ಲರಿನ ಕೈಪಿಡಿಯಲ್ಲಿ ಈ ಕವರಿಗೆ 30 ಫುಟ್-ಪೌಂಡ್, ಅಂದ್ರೆ 41 ನ್ಯೂಟನ್ ಮೀಟರ್ ಅಂತ ಕೊಟ್ಟಿದ್ದಾರೆ.

— ಎರಡು ಪಂಥ ಇದೆ. ಆಗಲೇ ಪೂರ್ತಿ ಬಿಗಿ ಅನ್ನೋರು ಒಂದು ಕಡೆ. ಕೈಬಿಗಿಯಲ್ಲಿ ಬಿಟ್ಟು ಒಂದೆರಡು ಗಂಟೆ ಆದಮೇಲೆ ಕೊನೆ ಬಿಗಿ ಕೊಡು ಅನ್ನೋರು ಇನ್ನೊಂದು ಕಡೆ. ನಾನು ಎರಡನೇ ಪಂಥದವನು. ಈಗಲೇ ಪೂರ್ತಿ ಹಿಂಡಿದ್ರೆ ನಡುವೆ ಉಳಿಯೋದು ಬರೀ ಪಸೆ. ಸ್ವಲ್ಪ ಗಟ್ಟಿಯಾದ ಮೇಲೆ ಬಿಗಿದ್ರೆ ತೆಳು ರಬ್ಬರ್ ಪ್ಯಾಕಿಂಗಿನ ಹಾಗೆ ಉಳಿಯುತ್ತೆ. ಟಾರ್ಕ್ ರೆಂಚ್ ತಂದಿದ್ದೀಯಲ್ಲ, ಅದರಲ್ಲೇ ಮಾಡು. ನನ್ನ ತೋಳಿನ ಅಂದಾಜು ಮೊದಲಿನ ಹಾಗಿಲ್ಲ. ದಪ್ಪ ಕವರು ಹಾಕಿದೀನಿ ಅಂತ ಎರಡು ಪಾಲು ಬಿಗಿದ್ರೆ ಹೋಗೋದು ಕವರಲ್ಲ, ಹೌಸಿಂಗಿನ ಥ್ರೆಡ್ಡು. ಮೂರು ದಿನ ಬಿಟ್ಟು ಇನ್ನೊಂದ್ಸಲ ಹತ್ತಕ್ಕೂ ರೆಂಚ್ ತೋರಿಸು.

— ನಾಳೆ ಬೆಳಿಗ್ಗೆ ಮೂಡಿಗೆರೆಯಿಂದ ನಾಲ್ಕು ಜೀಪು ಗುಡ್ಡಕ್ಕೆ ಹೊರಡ್ತಾ ಇವೆ ಮಾವ. ಈಗಲೇ ಎಣ್ಣೆ ಹಾಕಿದ್ರೆ...

— ನಾಲ್ಕು ಹೊರಡಲಿ. ಒಳಗೆ ಗಟ್ಟಿಯಾಗೋಕೆ ಇಡೀ ಒಂದು ದಿನ ಬೇಕು. ಹಸಿ ಸೀಲಂಟಿಗೆ ಎಣ್ಣೆ ತಾಗಿಸಿದ್ರೆ ಬೆಳಿಗ್ಗೆಯಿಂದ ಒರೆಸಿದ್ದು ನೀರಲ್ಲಿ ಹೋಮ. ನಾಳೆ ಸಂಜೆ 80ಡಬ್ಲ್ಯು-90, ಜಿಎಲ್-5, ಆ ಪೇಂಟಿನ ಗೆರೆಯವರೆಗೆ. ರಾತ್ರಿ ಕೆಳಗೆ ರಟ್ಟು ಹಾಸಿಡು. ಸೋಮವಾರ ಬೆಳಗ್ಗೆ ರಟ್ಟು ನೋಡಿ, ಆಮೇಲೆ ಬೆಂಗಳೂರಿಗೆ ಹೊರಡು.

— ಆಫೀಸಿದೆ.

— ಹಾಗಾದ್ರೆ ರಟ್ಟು ನಾನು ನೋಡಿ ಫೋನ್ ಮಾಡ್ತೀನಿ.

— ಈ ಹಳೇ ಕವರನ್ನ ಗುಜರಿಗೆ ಹಾಕ್ಲಾ?

— ಮರದ ಕೊರಡಿನ ಮೇಲಿಟ್ಟು ಒಳಗಿಂದ ಮೆಲ್ಲಗೆ ಬಡಿದು ನಗ್ಗು ತೆಗಿ, ಅಂಚು ಗಾಜಿನ ಮೇಲೆ ಮಟ್ಟ ನೋಡು. ಆಮೇಲೆ ಸೀಟಿನ ಕೆಳಗೆ ಇಟ್ಕೊ. ಆ ಗಿಡ್ಡ ಬೋಲ್ಟು ಎಸೀಬೇಡ, ಹೊಸ ಉದ್ದ ಬೋಲ್ಟು ಹಳೇ ತೆಳು ಕವರಿಗೆ ಬುಡ ಮುಟ್ಟುತ್ತೆ. ಹತ್ತನ್ನೂ ಒಂದು ಬಟ್ಟೇಲಿ ಗಂಟು ಕಟ್ಟಿ ಕವರಿಗೇ ತಗಲಿಸು.

— ಒಂಬತ್ತೇ ಇದೆ ಮಾವ.

— ಬಾಂಡ್ಲಿ ಎಣ್ಣೇಲಿ ಕೈ ಹಾಕು.